ಒಂದೇ ಭರಣಿ, ನಾಲ್ಕು ಕಂಪ್ಯೂಟರು

‘ಹಳೇದು ಅಂತ ಹೆಸರಿಟ್ಟ ಫೋಲ್ಡರನ್ನ ಯಾರಮ್ಮಾ ಉಳಿಸ್ಕೊಳ್ತಾರೆ?’ ಮಗಳು ಹಾಗೆ ಕೇಳಿದ್ದು ಅದನ್ನು ಅಳಿಸಿ ಎರಡು ದಿನ ಕಳೆದ ಮೇಲೆ.

ಶಿವಮೊಗ್ಗದ ನಮ್ಮ ಮನೆಯಲ್ಲಿ ನಾಲ್ಕು ಕಂಪ್ಯೂಟರುಗಳಿವೆ. ಅವಕ್ಕೆಲ್ಲ ಸೇರಿ ಟಿವಿ ಸ್ಟ್ಯಾಂಡಿನ ಡ್ರಾಯರಿನಲ್ಲಿ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಇತ್ತು. ಯಾರಿಗೆ ಬೇಕೋ ಅವರು ಚುಚ್ಚಿ, ಬೇಕಾದ್ದು ತುಂಬಿ, ತೆಗೆದಿಡುತ್ತಿದ್ದರು. ಮಗಳಿಗೆ ಕಾಲೇಜಿನ ಪ್ರಾಜೆಕ್ಟಿನ ವಿಡಿಯೊ ಹಾಕಲು ಜಾಗ ಸಾಲಲಿಲ್ಲ. ‘ಹಳೇದು’ ತೆರೆದು ನೋಡಿದಳಂತೆ. ಯಾವುದೋ ಸಿನಿಮಾಗಳು, ಯಾರದೋ ಮದುವೆ ವಿಡಿಯೊದ ಮೂರು ಮೂರು ಪ್ರತಿ. ಅಳಿಸಿದಳು, ಟ್ರ್ಯಾಶ್ ಖಾಲಿ ಮಾಡಿದಳು, ಅದೇ ಜಾಗಕ್ಕೆ ತನ್ನ ವಿಡಿಯೊ ತುಂಬಿದಳು. ಆ ಸಿನಿಮಾಗಳ ಅಡಿಯಲ್ಲೆಲ್ಲೋ ನಮ್ಮ ಮಾವನವರು ಹತ್ತು ವರ್ಷ ಕೂತು ಬರೆದ, ಸುತ್ತಲಿನ ಊರುಗಳ ಕೆರೆಗಳ ಕುರಿತ ನಲವತ್ತೊಂದು ಲೇಖನಗಳಿದ್ದವು. ಅವರ ಕಂಪ್ಯೂಟರಿಗೆ ವಿಂಡೋಸ್ ಹೊಸದಾಗಿ ಹಾಕಿಸುವಾಗ ‘ಸದ್ಯಕ್ಕೆ ಇಲ್ಲಿರಲಿ’ ಎಂದು ಡಿಸ್ಕಿಗೆ ಸಾಗಿಸಿದವಳು ನಾನು. ಆಮೇಲೆ ವಾಪಸ್ ಹಾಕಿಕೊಟ್ಟಿರಲಿಲ್ಲ.

ಕೂಡಲೇ ಗೊತ್ತಾಗಿದ್ದರೆ ಫೋಟೊರೆಕ್‌ನಂಥ ಉಚಿತ ತಂತ್ರಾಂಶ ಓಡಿಸಿ ಬಹುಪಾಲು ಮರಳಿ ಪಡೆಯಬಹುದಿತ್ತು. ಹಾರ್ಡ್‌ಡಿಸ್ಕಿನಲ್ಲಿ ಅಳಿಸುವುದೆಂದರೆ ಫೈಲಿನ ವಿಳಾಸ ಒರೆಸುವುದಷ್ಟೇ. ಬರೆದದ್ದು ಇದ್ದಲ್ಲೇ ಇರುತ್ತದೆ, ಅದರ ಮೇಲೆ ಬೇರೊಂದು ಬಂದು ಕೂರುವವರೆಗೆ. ನಮ್ಮಲ್ಲಿ ಬಂದು ಕೂತಾಗಿತ್ತು. ಅತ್ತೆ ಮಾತ್ರ ಒಂದೇ ಮಾತಿನಲ್ಲಿ ಪಂಚಾಯ್ತಿ ಮುಗಿಸಿದರು: ‘ಉಪ್ಪಿನಕಾಯಿ ಭರಣಿಗೆ ಸಿಕ್ಕಸಿಕ್ಕವರೆಲ್ಲ ಕೈ ಹಾಕಿದ್ರೆ ಬೂಷ್ಟು ಹಿಡೀದೆ ಇನ್ನೇನು?’

ಆ ಮಳೆಗಾಲವೆಲ್ಲ ಕೂತು ಹೊಸ ಡಿಸ್ಕ್ ತಂದು, ಓದಿ, ಎಡವಿ, ಒಂದು ವ್ಯವಸ್ಥೆ ಮಾಡಿಕೊಂಡೆ. ಒಂದೇ ಡಿಸ್ಕ್, ನಾಲ್ಕು ಕಂಪ್ಯೂಟರು. ನಾಲ್ಕು ಡಿಸ್ಕ್ ಕೊಳ್ಳುವ ಮನೆಗಳಿಗೆ ಇದು ಬೇಡ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಕಂಪ್ಯೂಟರಿನಲ್ಲಿ ಇರುವುದರ ಇನ್ನೊಂದು ಪ್ರತಿ ಡಿಸ್ಕಿನಲ್ಲಿದ್ದರೆ ಅದು ಬ್ಯಾಕಪ್. ಕಂಪ್ಯೂಟರಿನಿಂದ ತೆಗೆದು ಡಿಸ್ಕಿನಲ್ಲಿ ಮಾತ್ರ ಇಟ್ಟರೆ ಅದು ಅಟ್ಟ. ನಮ್ಮ ಹಳೆಯ ಡಿಸ್ಕ್ ಬ್ಯಾಕಪ್ ಎಂಬ ಹೆಸರಿನ ಅಟ್ಟವಾಗಿತ್ತು. ಇದರ ಅಣ್ಣನಂಥ ಇನ್ನೊಂದು ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ: ‘ಎಲ್ಲಾ ಡಿ ಡ್ರೈವ್‌ನಲ್ಲಿ ಇಟ್ಟಿದೀನಿ, ಸೇಫ್.’ ಕಂಪ್ಯೂಟರ್ ಜೋಡಿಸಿ ಕೊಡುವ ಅಂಗಡಿಯವರು ಒಂದೇ ಡಿಸ್ಕನ್ನು ಸಿ, ಡಿ, ಇ ಎಂದು ಭಾಗ ಮಾಡಿ ಕೊಡುತ್ತಾರೆ. ವಿಂಡೋಸ್ ಕೆಟ್ಟು ಮತ್ತೆ ಹಾಕಿದರೆ ಡಿ ಉಳಿಯುತ್ತದೆ, ನಿಜ. ಡಿಸ್ಕೇ ಸತ್ತರೆ ಮೂರೂ ಒಟ್ಟಿಗೆ ಹೋಗುತ್ತವೆ.

ಎಷ್ಟು ದೊಡ್ಡ ಡಿಸ್ಕ್ ಬೇಕು? ಪ್ರತಿ ಕಂಪ್ಯೂಟರಿನಲ್ಲಿ ನಿಜವಾಗಿ ತುಂಬಿರುವ ಜಾಗವನ್ನು ಕೂಡಿ, ಎರಡರಿಂದ ಗುಣಿಸಿ, ಮೇಲೊಂದಿಷ್ಟು ಬಿಡಿ. ನಮ್ಮಲ್ಲಿ ನನ್ನ ಲ್ಯಾಪ್‌ಟಾಪಿನಲ್ಲಿ 180 ಜಿಬಿ, ಮಾವನವರ ಡೆಸ್ಕ್‌ಟಾಪಿನಲ್ಲಿ 40, ಯಜಮಾನರ ಅಂಗಡಿ ಲೆಕ್ಕದ ಲ್ಯಾಪ್‌ಟಾಪಿನಲ್ಲಿ 75, ಮಗಳ ಮ್ಯಾಕ್‌ಬುಕ್‌ನಲ್ಲಿ 210, ಒಟ್ಟು 505. ದುಪ್ಪಟ್ಟೆಂದರೆ 1 ಟಿಬಿ ದಾಟಿತು, 2 ಟಿಬಿ ತಂದೆವು. ಅದನ್ನು ವಿಂಡೋಸ್‌ಗೆ ಚುಚ್ಚಿದಾಗ 1.81 ಟಿಬಿ ಎಂದು ತೋರಿಸಿತು, ಯಜಮಾನರು ಅಂಗಡಿಯವನಿಗೆ ಫೋನ್ ಹಚ್ಚಲು ಹೊರಟೇಬಿಟ್ಟರು. ಮೋಸವೇನಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಅದೇ ಡಿಸ್ಕನ್ನು ಮಗಳ ಮ್ಯಾಕ್‌ಗೆ ಚುಚ್ಚಿದರೆ 2 ಟಿಬಿ ಎಂದೇ ಕಾಣಿಸುತ್ತದೆ.

ನಿಜವಾದ ಮೋಸ ಬೇರೆ ಇದೆ. ಆನ್‌ಲೈನ್ ಅಂಗಡಿಗಳಲ್ಲಿ ‘16 ಟಿಬಿ’ ಎಂದು ಬರೆದ ಅಂಗೈ ಅಗಲದ ಡ್ರೈವ್‌ಗಳು ಊಟದ ದುಡ್ಡಿಗೆ ಸಿಗುತ್ತವೆ. ಅವುಗಳ ಒಳಗಿರುವುದು ಸಣ್ಣದೊಂದು ಮೆಮೊರಿ ಕಾರ್ಡ್. ದೊಡ್ಡ ಗಾತ್ರ ಹೇಳುವಂತೆ ಅದಕ್ಕೆ ಪಾಠ ಹೇಳಿಕೊಟ್ಟಿರುತ್ತಾರೆ. ಜಾಗ ಮುಗಿದ ಮೇಲೂ ಬರೆಯುತ್ತಿರುವಂತೆ ನಟಿಸಿ ಹಳೆಯದನ್ನು ನುಂಗುತ್ತವೆ. ಅನುಮಾನವಿದ್ದರೆ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಪುಟ್ಟ ಉಚಿತ ತಂತ್ರಾಂಶದಿಂದ ಡಿಸ್ಕನ್ನು ಪೂರ್ತಿ ತುಂಬಿಸಿ ಓದಿಸಿ, ಬಣ್ಣ ಬಯಲಾಗುತ್ತದೆ. ಬ್ಯಾಕಪ್ಪಿಗೆ ಎಸ್‌ಎಸ್‌ಡಿ ಬೇಕೆಂದೇನಿಲ್ಲ, ತಿರುಗುವ ಹಾರ್ಡ್‌ಡಿಸ್ಕ್ ಸಾಕು. ಯುಎಸ್‌ಬಿ 3 ಪೋರ್ಟಿನಲ್ಲಿ ಅದು ಸೆಕೆಂಡಿಗೆ ಸುಮಾರು 100 ಎಂಬಿ ಬರೆದರೆ, ಹಳೆಯ ಯುಎಸ್‌ಬಿ 2 ಪೋರ್ಟಿನಲ್ಲಿ 30ರ ಆಸುಪಾಸು. ಅಂದರೆ 200 ಜಿಬಿಗೆ ಮೊದಲನೆಯದರಲ್ಲಿ ಅರ್ಧ ಗಂಟೆಗಿಂತ ತುಸು ಹೆಚ್ಚು, ಎರಡನೆಯದರಲ್ಲಿ ಸುಮಾರು ಎರಡು ಗಂಟೆ. ಪುಟ್ಟ ಪುಟ್ಟ ಫೈಲುಗಳು ಸಾವಿರಗಟ್ಟಲೆ ಇದ್ದರೆ ಇನ್ನೂ ನಿಧಾನ.

ಈಗ ಕಷ್ಟದ ಭಾಗ. ಮನೆಯಲ್ಲಿರುವುದೆಲ್ಲ ವಿಂಡೋಸ್ ಆದರೆ ಈ ಪ್ಯಾರಾವನ್ನೂ ಮುಂದಿನದನ್ನೂ ಹಾರಿಸಬಹುದು. ವಿಂಡೋಸ್‌ನ ಡಿಸ್ಕ್ ವಿನ್ಯಾಸ ಎನ್‌ಟಿಎಫ್‌ಎಸ್. ಮ್ಯಾಕ್ ಅದನ್ನು ಓದುತ್ತದೆ, ಬರೆಯುವುದಿಲ್ಲ. ಮ್ಯಾಕ್‌ನದು ಎಪಿಎಫ್‌ಎಸ್, ವಿಂಡೋಸ್‌ಗೆ ಅದು ಕಾಣುವುದೇ ಇಲ್ಲ. ಎರಡಕ್ಕೂ ಒಗ್ಗುವ ಎಕ್ಸ್‌ಫ್ಯಾಟ್ ಎಂಬುದೊಂದಿದೆ, ಅಂಗಡಿಯವರೂ ಅದನ್ನೇ ಹಾಕಿಕೊಡುತ್ತಾರೆ. ನಮ್ಮ ಹಳೆಯ ಡಿಸ್ಕ್ ಹಾಗೇ ಇತ್ತು. ಆದರೆ ಮಧ್ಯೆ ಕರೆಂಟ್ ಹೋದರೆ, ಕೇಬಲ್ ಕಿತ್ತುಬಂದರೆ ಎಕ್ಸ್‌ಫ್ಯಾಟ್‌ಗೆ ಸುಧಾರಿಸಿಕೊಳ್ಳುವ ತಾಕತ್ತು ಕಮ್ಮಿ. ಅರ್ಧ ಬರೆದದ್ದರ ದಿನಚರಿಯನ್ನು ಅದು ಇಟ್ಟುಕೊಳ್ಳುವುದಿಲ್ಲ. ಜೊತೆಗೆ ಮ್ಯಾಕ್‌ನ ಟೈಮ್ ಮಷೀನ್ ನೇರವಾಗಿ ಚುಚ್ಚಿದ ಎಕ್ಸ್‌ಫ್ಯಾಟ್ ಡಿಸ್ಕಿಗೆ ಬ್ಯಾಕಪ್ ಮಾಡಲು ಒಪ್ಪುವುದಿಲ್ಲ, ‘ಅಳಿಸಿ ನನ್ನದು ಮಾಡಿಕೊಳ್ಳಲೇ?’ ಎಂದು ಕೇಳುತ್ತದೆ. ಗಡಿಬಿಡಿಯಲ್ಲಿ ಹೂಂ ಎಂದರೆ ಮನೆಯವರೆಲ್ಲರ ಬ್ಯಾಕಪ್ಪೂ ನೀರಿಗೆ ಬಿದ್ದ ಹಾಗೆ.

ಆದ್ದರಿಂದ ಡಿಸ್ಕ್ ಖಾಲಿಯಿರುವಾಗಲೇ ಪಾಲು ಮಾಡಿಬಿಡಿ. ಮಗಳ ಮ್ಯಾಕ್‌ನ ಡಿಸ್ಕ್ ಯುಟಿಲಿಟಿಯಲ್ಲಿ ‘ಶೋ ಆಲ್ ಡಿವೈಸಸ್’ ಒತ್ತಿ, ಇಡೀ ಡಿಸ್ಕನ್ನು ಆರಿಸಿ, ‘ಜಿಯುಐಡಿ ಪಾರ್ಟಿಷನ್ ಮ್ಯಾಪ್’ ಇಟ್ಟು ಅಳಿಸಿದೆವು. ಆಮೇಲೆ ಎರಡು ಭಾಗ: 600 ಜಿಬಿ ಎಪಿಎಫ್‌ಎಸ್, ಉಳಿದ 1,400 ಸದ್ಯಕ್ಕೆ ಎಕ್ಸ್‌ಫ್ಯಾಟ್. ಈ ಎರಡನೆಯದನ್ನು ವಿಂಡೋಸ್‌ಗೆ ಚುಚ್ಚಿ ಎನ್‌ಟಿಎಫ್‌ಎಸ್ ಆಗಿ ಫಾರ್ಮ್ಯಾಟ್ ಮಾಡಿದೆವು. ಮ್ಯಾಕ್‌ಗೆ 600 ಏಕೆಂದರೆ ಅದರ ಒಟ್ಟು ಗಾತ್ರ 256 ಜಿಬಿ, ಟೈಮ್ ಮಷೀನ್‌ಗೆ ಅದರ ಎರಡರಷ್ಟಾದರೂ ಇರಲಿ ಎಂದು ಆ್ಯಪಲ್ ಕಂಪನಿಯೇ ಹೇಳುತ್ತದೆ. ಟೈಮ್ ಮಷೀನ್ ತನ್ನ ಪಾಲನ್ನು ಪೂರ್ತಿ ತುಂಬಿಕೊಂಡು ಆಮೇಲಷ್ಟೇ ಹಳೆಯದನ್ನು ಬಿಡುವ ಸ್ವಭಾವದ್ದು. ನಡುವೆ ಗೋಡೆ ಹಾಕದಿದ್ದರೆ ಉಳಿದವರಿಗೆ ಜಾಗವಿರುವುದಿಲ್ಲ. ಎರಡು ಮ್ಯಾಕ್ ಇರುವ ಮನೆಯವರು ಅದೇ ಎಪಿಎಫ್‌ಎಸ್ ಭಾಗದೊಳಗೆ ಎರಡು ವಾಲ್ಯೂಮ್ ಮಾಡಿ, ತಲಾ ಒಂದು ಕೊಟ್ಟು, ಗಾತ್ರದ ಮಿತಿ ಹಾಕಿದರೆ ಜಗಳವಿಲ್ಲ.

ಭಾಗಗಳಿಗೆ ಹೆಸರು ಕೊಡಿ. ವಿಂಡೋಸ್‌ನಲ್ಲಿ ಡ್ರೈವ್‌ನ ಅಕ್ಷರ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಬದಲಾಗುತ್ತದೆ. ನನ್ನಲ್ಲಿ ಇ, ಯಜಮಾನರಲ್ಲಿ ಎಫ್. ಹೆಸರು ಬದಲಾಗುವುದಿಲ್ಲ. ಮನೆಯವರಿಗೆಲ್ಲ ಒಂದು ಕಟ್ಟಪ್ಪಣೆಯೂ ಇರಲಿ: ಡಿಸ್ಕ್ ಚುಚ್ಚಿದಾಗ ಪರದೆಯಲ್ಲಿ ಫಾರ್ಮ್ಯಾಟ್, ಇನಿಷಿಯಲೈಸ್, ಇರೇಸ್ ಎಂಬ ಯಾವ ಪದ ಕಂಡರೂ ಉತ್ತರ ಒಂದೇ, ಬೇಡ.

ವಿಂಡೋಸ್‌ನಲ್ಲಿ ಬ್ಯಾಕಪ್ಪಿಗೆ ನಾನು ಬಳಸುವುದು ಫೈಲ್ ಹಿಸ್ಟರಿ. ವಿಂಡೋಸ್ 8ರ ಕಾಲದಿಂದಲೂ ಇದೆ. ವಿಂಡೋಸ್ 11ರಲ್ಲಿ ಅದನ್ನು ಮೂಲೆಗೆ ತಳ್ಳಿದ್ದಾರೆ, ಹಳೆಯ ಕಂಟ್ರೋಲ್ ಪ್ಯಾನಲ್‌ಗೆ ಹೋಗಿ ಹುಡುಕಬೇಕು. ‘ವಿಂಡೋಸ್ ಬ್ಯಾಕಪ್’ ಎಂಬ ಹೊಸ ಆ್ಯಪ್ ಎದುರಿಗೇ ಕಾಣುತ್ತದೆ, ಆದರೆ ಅದು ಕಳಿಸುವುದು ಒನ್‌ಡ್ರೈವ್‌ಗೆ, ನಿಮ್ಮ ಡಿಸ್ಕಿಗಲ್ಲ. ಫೈಲ್ ಹಿಸ್ಟರಿಯ ಒಳ್ಳೆಯ ಗುಣವೆಂದರೆ ಡಿಸ್ಕಿನಲ್ಲಿ ಬಳಕೆದಾರರ ಹೆಸರು, ಅದರೊಳಗೆ ಕಂಪ್ಯೂಟರಿನ ಹೆಸರು ಎಂದು ಬೇರೆ ಬೇರೆ ಫೋಲ್ಡರ್ ಮಾಡಿಕೊಳ್ಳುತ್ತದೆ, ಒಬ್ಬರದು ಇನ್ನೊಬ್ಬರದರ ಮೇಲೆ ಬೀಳುವುದಿಲ್ಲ. ಆದರೆ ಕಂಪ್ಯೂಟರುಗಳ ಹೆಸರು ನೋಡಿದ್ದೀರಾ? ‘ಡೆಸ್ಕ್‌ಟಾಪ್’ ಎಂದು ಬರೆದು ಮುಂದೆ ಏಳೆಂಟು ಅರ್ಥವಿಲ್ಲದ ಅಕ್ಷರ. ಬಳಕೆದಾರರ ಹೆಸರೋ, ಅಂಗಡಿಯಲ್ಲಿ ಹಾಕಿಕೊಟ್ಟ ‘ಅಡ್ಮಿನ್’. ನಾಳೆ ಕಂಪ್ಯೂಟರ್ ಸತ್ತ ದಿನ ಯಾವುದು ಯಾರದೆಂದು ಹೇಗೆ ಹುಡುಕುತ್ತೀರಿ? ಬ್ಯಾಕಪ್ ಶುರು ಮಾಡುವ ಮೊದಲೇ ಸೆಟ್ಟಿಂಗ್ಸ್‌ನಲ್ಲಿ ಕಂಪ್ಯೂಟರಿನ ಹೆಸರು ಬದಲಿಸಿ. ಆಮೇಲೆ ಬದಲಿಸಿದರೆ ಬೇರೆ ಕಂಪ್ಯೂಟರಿನದು ಎಂಬಂತೆ ಇನ್ನೊಂದು ಫೋಲ್ಡರಿನಲ್ಲಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ನಮ್ಮವು ಈಗ ತುಂಗಾ, ಭದ್ರಾ, ಶರಾವತಿ. ಮ್ಯಾಕ್‌ನವಳು ತನ್ನದಕ್ಕೆ ಏನೋ ಜಪಾನಿ ಹೆಸರಿಟ್ಟಿದ್ದಾಳೆ.

ಇನ್ನೊಂದು ಸೆಟ್ಟಿಂಗ್ ಹಂಚಿಕೊಂಡ ಡಿಸ್ಕಿಗೆ ಬಹಳ ಮುಖ್ಯ. ಫೈಲ್ ಹಿಸ್ಟರಿ ಹಳೆಯ ಪ್ರತಿಗಳನ್ನು ತಾನಾಗಿ ‘ಫಾರೆವರ್’ ಇಟ್ಟುಕೊಳ್ಳುತ್ತದೆ. ಒಂದು ಕಂಪ್ಯೂಟರ್ ಹಾಗೆ ಕೂತರೆ ಮೂವರ ಪಾಲನ್ನೂ ಅದೇ ತಿನ್ನುತ್ತದೆ. ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ಗೆ ಹೋಗಿ ಎಲ್ಲದರಲ್ಲೂ ಒಂದು ವರ್ಷ ಎಂದೋ, ‘ಅಂಟಿಲ್ ಸ್ಪೇಸ್ ಈಸ್ ನೀಡೆಡ್’ ಎಂದೋ ಇಡಿ.

ಅದು ಏನನ್ನು ಬಿಡುತ್ತದೆ ಎಂಬುದು ತಿಳಿದಿರಬೇಕು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಚಿತ್ರ, ಹಾಡು, ವಿಡಿಯೊ, ಹೀಗೆ ಲೈಬ್ರರಿಗಳಲ್ಲಿ ಇರುವುದನ್ನಷ್ಟೇ ಫೈಲ್ ಹಿಸ್ಟರಿ ತೆಗೆದುಕೊಳ್ಳುತ್ತದೆ. ಡಿ ಡ್ರೈವ್‌ನಲ್ಲಿಟ್ಟ ನಮ್ಮ ಜೀವಮಾನದ ಗಳಿಕೆಯನ್ನು ನೋಡುವುದೇ ಇಲ್ಲ. ಆ ಫೋಲ್ಡರುಗಳನ್ನು ಲೈಬ್ರರಿಗೆ ಸೇರಿಸಬೇಕು. ಒನ್‌ಡ್ರೈವ್‌ನಲ್ಲಿ ಮೋಡದ ಗುರುತು ಮಾತ್ರ ಇರುವ ಫೈಲುಗಳು ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲವೇ ಇಲ್ಲ, ಹಾಗಾಗಿ ಬ್ಯಾಕಪ್ಪಿಗೂ ಬರುವುದಿಲ್ಲ. ಬಲಗುಂಡಿ ಒತ್ತಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಆರಿಸಿ. ಯಜಮಾನರ ಟ್ಯಾಲಿಯ ಕಡತಗಳು ಡಾಕ್ಯುಮೆಂಟ್ಸ್‌ನಲ್ಲಿರಲಿಲ್ಲ, ಬಳಕೆದಾರರ ‘ಪಬ್ಲಿಕ್’ ಫೋಲ್ಡರಿನೊಳಗೆ ಕೂತಿದ್ದವು. ಟ್ಯಾಲಿಯಲ್ಲೇ ಬ್ಯಾಕಪ್ ಎಂಬ ಆಯ್ಕೆಯಿದೆ. ಅದರ ಗುರಿಯನ್ನು ಡಾಕ್ಯುಮೆಂಟ್ಸ್ ಒಳಗಿನ ಒಂದು ಫೋಲ್ಡರಿಗೆ ಕೊಟ್ಟರೆ, ಅಲ್ಲಿಂದ ಮುಂದಿನ ಕೆಲಸ ಫೈಲ್ ಹಿಸ್ಟರಿಯದು.

ಕನ್ನಡದಲ್ಲಿ ಟೈಪ್ ಮಾಡುವವರು ಈ ಮಾತನ್ನು ದಯವಿಟ್ಟು ಎರಡು ಸಲ ಓದಿ. ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತದೊಳಗೆ ನಿಜವಾಗಿ ಇರುವುದು ಕನ್ನಡವಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಫಾಂಟು ಕನ್ನಡದ ವೇಷ ಹಾಕಿಸಿರುತ್ತದೆ. ಫೈಲು ಸುರಕ್ಷಿತವಾಗಿದ್ದು ಫಾಂಟು ಇಲ್ಲದಿದ್ದರೆ ಹೊಸ ಕಂಪ್ಯೂಟರಿನಲ್ಲಿ ತೆರೆದಾಗ ಪುಟ ತುಂಬ ವಿಚಿತ್ರ ಚಿಹ್ನೆಗಳು. ಫಾಂಟುಗಳು ಇರುವುದು ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಲ್ಲಿ, ಫೈಲ್ ಹಿಸ್ಟರಿ ತಾನಾಗಿ ಹೋಗಿ ಅದನ್ನು ತರುವುದಿಲ್ಲ. ನುಡಿಯ ಇನ್‌ಸ್ಟಾಲ್ ಫೈಲು, ಬಳಸಿದ ಫಾಂಟುಗಳು, ಎರಡನ್ನೂ ಲೇಖನಗಳ ಪಕ್ಕದಲ್ಲೇ ಒಂದು ಫೋಲ್ಡರಿನಲ್ಲಿಡಿ. ಮುಗಿದ ಬರಹಗಳನ್ನು ಯೂನಿಕೋಡ್‌ಗೆ ಬದಲಿಸಿ ಇನ್ನೊಂದು ಪ್ರತಿ ಇಡುವುದು ಇನ್ನೂ ಒಳ್ಳೆಯದು. ಒತ್ತಕ್ಷರಗಳು ಅಲ್ಲಲ್ಲಿ ಕೆಡುತ್ತವೆ, ಕೂತು ತಿದ್ದಬೇಕು.

ಟೈಮ್ ಮಷೀನ್ ಬಗ್ಗೆ ಹೇಳುವುದು ಹೆಚ್ಚಿಲ್ಲ. ಒಮ್ಮೆ ಡಿಸ್ಕ್ ತೋರಿಸಿದರೆ ಫೈಲುಗಳಷ್ಟೇ ಅಲ್ಲ, ತಂತ್ರಾಂಶಗಳು, ಸೆಟ್ಟಿಂಗ್‌ಗಳನ್ನೂ ತೆಗೆದುಕೊಳ್ಳುತ್ತದೆ. ಹೊಸ ಮ್ಯಾಕ್ ಕೊಂಡರೆ ಹಳೆಯದನ್ನು ಅದರಿಂದಲೇ ಹಾಗ್ಹಾಗೇ ಇಳಿಸಬಹುದು. ಲಿನಕ್ಸ್ ಇರುವವರಿಗೆ ಉಬುಂಟುವಿನ ಡೇಜಾ ಡೂಪ್ ಸಾಕು. ಕಂಪನಿ ಕೊಟ್ಟ ಲ್ಯಾಪ್‌ಟಾಪನ್ನು ಮಾತ್ರ ಈ ಪಂಕ್ತಿಯಲ್ಲಿ ಕೂರಿಸಬೇಡಿ, ಅಲ್ಲಿನ ದತ್ತಾಂಶ ನಿಮ್ಮದಲ್ಲ, ಮನೆಯ ಡಿಸ್ಕಿಗೆ ಇಳಿಸಿದ್ದು ಗೊತ್ತಾದರೆ ಕೆಲಸಕ್ಕೇ ಕುತ್ತು.

ಡಿಸ್ಕನ್ನು ವೈಫೈ ರೂಟರಿನ ಹಿಂದಿನ ಯುಎಸ್‌ಬಿ ತೂತಿಗೆ ಚುಚ್ಚಿ, ಎಲ್ಲರೂ ಗಾಳಿಯಲ್ಲೇ ಬ್ಯಾಕಪ್ ಮಾಡಬಾರದೇ ಎಂದು ಕೇಳುವವರಿದ್ದಾರೆ. ಮಾಡಬಹುದು. ನಾನೂ ಒಂದು ತಿಂಗಳು ಮಾಡಿದೆ. ಆಮೆವೇಗ, ಜೊತೆಗೆ ಡಿಸ್ಕ್ ಹಗಲೂ ರಾತ್ರಿ ಚುಚ್ಚಿಕೊಂಡೇ ಇರಬೇಕು. ಹಾಗೆ ಚುಚ್ಚಿಕೊಂಡೇ ಇರುವುದು ನನಗೆ ಹಿಡಿಸದ ಸಂಗತಿ. ಮಲೆನಾಡಿನ ಏಪ್ರಿಲ್-ಮೇ ಸಿಡಿಲಿಗೆ ರೂಟರುಗಳು ಸುಟ್ಟುಹೋಗುವುದು ಇಲ್ಲಿ ಸುದ್ದಿಯೇ ಅಲ್ಲ. ಇನ್ನು ರ‍್ಯಾನ್ಸಮ್‌ವೇರ್, 2017ರ ಮೇ ತಿಂಗಳಲ್ಲಿ ಲೋಕವನ್ನೆಲ್ಲ ಕಾಡಿದ ವಾನ್ನಾಕ್ರೈ ಕಂಪ್ಯೂಟರಿನ ಫೈಲುಗಳ ಜೊತೆ ಅದಕ್ಕೆ ಚುಚ್ಚಿದ್ದ ಡಿಸ್ಕುಗಳಿಗೂ ಬೀಗ ಹಾಕುತ್ತಿತ್ತು. ಅತ್ತೆಯ ಭರಣಿ ಇಲ್ಲಿ ಮತ್ತೆ ನೆನಪಾಗುತ್ತದೆ. ಒಬ್ಬರು ಅದ್ದಿದ ಒದ್ದೆ ಚಮಚ ಸಾಕು, ಎಲ್ಲರ ಪಾಲೂ ಕೆಡುತ್ತದೆ. ನಮ್ಮ ಮನೆಯ ಒದ್ದೆ ಚಮಚ ಮಾವನವರ ಡೆಸ್ಕ್‌ಟಾಪ್. ಅದರಲ್ಲಿರುವುದು ವಿಂಡೋಸ್ 10, ಮೈಕ್ರೋಸಾಫ್ಟ್ ಅದರ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದೆ. ಯಂತ್ರವೋ ವಿಂಡೋಸ್ 11ಕ್ಕೆ ಒಗ್ಗದಷ್ಟು ಹಳೆಯದು, ಅವರಿಗೋ ಆ ಕೀಬೋರ್ಡೇ ಬೇಕು. ಅದನ್ನು ಸರದಿಯ ಕೊನೆಗೆ ಇಟ್ಟಿದ್ದೇನೆ, ವೈರಸ್ ಸ್ಕ್ಯಾನ್ ಮಾಡಿದ ಮೇಲಷ್ಟೇ ಡಿಸ್ಕ್. ಹಾಗೆ ಮಾಡಿದರೂ ಡಿಸ್ಕ್ ಕೆಡಬಹುದು, ಅದಕ್ಕೆ ಮದ್ದು ಎರಡನೇ ಡಿಸ್ಕ್ ಒಂದೇ. ಆ ಮಾತಿಗೆ ಬರುತ್ತೇನೆ.

ಭಾನುವಾರ ಬೆಳಗ್ಗೆ ತಿಂಡಿಯಾದ ಮೇಲೆ ಡಿಸ್ಕ್ ಹೊರಬರುತ್ತದೆ. ಶರಾವತಿ, ಭದ್ರಾ, ಜಪಾನಿ, ಕೊನೆಗೆ ತುಂಗಾ. ಫೈಲ್ ಹಿಸ್ಟರಿಯಲ್ಲಿ ‘ರನ್ ನೌ’, ಮ್ಯಾಕ್‌ನಲ್ಲಿ ‘ಬ್ಯಾಕಪ್ ನೌ’. ಮೊದಲ ಸಲ ಒಂದಿಡೀ ದಿನ ಹಿಡಿಯಿತು, ಈಗ ಬದಲಾದದ್ದು ಮಾತ್ರ ಹೋಗುವುದರಿಂದ ಒಂದೊಂದಕ್ಕೆ ಹತ್ತು ನಿಮಿಷ. ಎಲ್ಲರೂ ತಮ್ಮದು ತಾವು ಮಾಡಿಕೊಳ್ಳಲಿ ಎಂದು ಮೊದಲು ಬಿಟ್ಟಿದ್ದೆ, ಯಾರೂ ಮಾಡಲಿಲ್ಲ. ಈಗ ಡಿಸ್ಕಿನ ಯಜಮಾನಿಕೆ ನನ್ನದು, ಉಳಿದವರಿಗೆ ಅದರ ಡ್ರಾಯರೇ ತೋರಿಸಿಲ್ಲ. ಡಿಸ್ಕಿನ ಚೀಲದೊಳಗೆ ಒಂದು ಮಡಿಸಿದ ಕಾಗದವಿದೆ: ತಾರೀಖು, ಯಾವ ಕಂಪ್ಯೂಟರ್, ಎಷ್ಟು ಜಾಗ ಉಳಿದಿದೆ. ಡಿಸ್ಕ್ ತಿರುಗುವಾಗ ಅಲುಗಾಡಿಸುವಂತಿಲ್ಲ, ‘ಇಜೆಕ್ಟ್’ ಮಾಡದೆ ಕೀಳುವಂತಿಲ್ಲ, ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿಗೆ ಮಳೆ-ಗಾಳಿಯ ದಿನ ಚುಚ್ಚುವಂತಿಲ್ಲ. ಮಳೆಗಾಲದ ತೇವಕ್ಕೆ ಗಾಳಿಯಾಡದ ಡಬ್ಬಿ, ಒಳಗೆ ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ.

ಎಲ್ಲರ ಗುಟ್ಟೂ ಒಂದೇ ಡಿಸ್ಕಿನಲ್ಲಿದೆ ಎಂಬುದನ್ನೂ ಯೋಚಿಸಿ. ಕಳುವಾದರೆ ಬ್ಯಾಂಕ್ ಕಾಗದ, ಆಧಾರ್ ಪ್ರತಿ, ಎಲ್ಲ ಹೋದ ಹಾಗೆ. ವಿಂಡೋಸ್ ಭಾಗಕ್ಕೆ ಬಿಟ್‌ಲಾಕರ್ ಹಾಕಬಹುದು. ಹಾಕಲು ಪ್ರೊ ಆವೃತ್ತಿ ಬೇಕು, ಹಾಕಿದ್ದನ್ನು ತೆರೆಯಲು ಹೋಮ್ ಆವೃತ್ತಿಯೂ ಸಾಕು. ಟೈಮ್ ಮಷೀನ್‌ನಲ್ಲಿ ಶುರುವಿನಲ್ಲೇ ‘ಎನ್‌ಕ್ರಿಪ್ಟ್ ಬ್ಯಾಕಪ್’ ಕೇಳುತ್ತದೆ. ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಅದರ ಪಕ್ಕದಲ್ಲೇ ಲ್ಯಾಪ್‌ಟಾಪಿನ ಬಿಟ್‌ಲಾಕರ್ ರಿಕವರಿ ಕೀಯ 48 ಅಂಕಿಗಳನ್ನೂ ಇಡಿ. ಈಚಿನ ಎಷ್ಟೋ ಲ್ಯಾಪ್‌ಟಾಪ್‌ಗಳು ನೀವು ಕೇಳದೆಯೇ ತಮ್ಮ ಒಳಗಿನ ಡಿಸ್ಕಿಗೆ ಬೀಗ ಹಾಕಿಕೊಂಡಿರುತ್ತವೆ, ಬೋರ್ಡ್ ಸುಟ್ಟರೆ ಆ ಅಂಕಿಗಳಿಲ್ಲದೆ ಯಾವ ರಿಪೇರಿಯವನೂ ಏನೂ ಮಾಡಲಾರ.

ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎನ್ನುವುದಿಲ್ಲ. ತಿಂಗಳಿಗೊಮ್ಮೆ ಯಾರದಾದರೂ ಒಂದು ಫೈಲನ್ನು ಡಿಸ್ಕಿನಿಂದ ತೆಗೆದು ಬೇರೆ ಕಂಪ್ಯೂಟರಿನಲ್ಲಿ ತೆರೆಯುತ್ತೇನೆ. ಫಾಂಟಿನ ಕಥೆ ಗೊತ್ತಾದದ್ದೂ ಹಾಗೆಯೇ.

ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕರು ಹೇಳಿಕೊಟ್ಟ 3-2-1 ಎಂಬ ಲೆಕ್ಕ ಇಂದು ಎಲ್ಲೆಡೆ ಬಳಕೆಯಲ್ಲಿದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯ ಹೊರಗೆ. ನಾವು ಅಷ್ಟು ಶಿಸ್ತಿನವರಲ್ಲ. ಮೊದಲ ಡಿಸ್ಕಿಗೆ ಹೊಂದಿಕೊಂಡ ಮೇಲೆ ಅದೇ ಗಾತ್ರದ ಇನ್ನೊಂದು ತಂದು, ಅದೇ ರೀತಿ ಪಾಲು ಮಾಡಿ, ತೀರ್ಥಹಳ್ಳಿಯಲ್ಲಿರುವ ನಾದಿನಿಯ ಮನೆಯಲ್ಲಿಟ್ಟಿದ್ದೇವೆ. ಯುಗಾದಿಗೋ ಗೌರಿಹಬ್ಬಕ್ಕೋ ದೀಪಾವಳಿಗೋ ಹೋಗುವಾಗ ಇದನ್ನು ಒಯ್ದು ಅದನ್ನು ತರುತ್ತೇವೆ. ನಾಲ್ಕೈದು ತಿಂಗಳು ಹಳೆಯದಾದರೂ, ನಮ್ಮ ಮನೆಯ ಯಾವ ಒದ್ದೆ ಚಮಚವೂ ಅದಕ್ಕೆ ತಗಲುವುದಿಲ್ಲ. ಐದು ವರ್ಷ ದಾಟಿದ ಡಿಸ್ಕನ್ನು ಬದಲಿಸುವುದೆಂದೂ ಕಾಗದದಲ್ಲಿ ಬರೆದಿದೆ.

ಮಾವನವರ ನಲವತ್ತೊಂದು ಲೇಖನಗಳಲ್ಲಿ ಇಪ್ಪತ್ತಾರು ಸಿಕ್ಕಿದವು. ಹಿಂದೊಮ್ಮೆ ಪುಸ್ತಕ ಮಾಡಿಸಲೆಂದು ಪೇಟೆಯ ಡಿಟಿಪಿ ಅಂಗಡಿಗೆ ಪೆನ್‌ಡ್ರೈವ್ ಕೊಟ್ಟಿದ್ದರು, ಆ ಹುಡುಗ ಅದನ್ನು ತನ್ನ ಕಂಪ್ಯೂಟರಿನಿಂದ ಅಳಿಸಿರಲಿಲ್ಲ. ಉಳಿದ ಹದಿನೈದನ್ನು ಮಾವನವರು ಮತ್ತೆ ಬರೆಯುತ್ತಿದ್ದಾರೆ, ಈ ಸಲ ಯೂನಿಕೋಡಿನಲ್ಲಿ. ನಾಲ್ಕು ಮುಗಿದಿವೆ.